ಪಾಕವಿಲ್ಲದ ಸಿಹಿ: ಖರ್ಜೂರದ ಬಿಲ್ಲೆಯ ವಿಜ್ಞಾನ

ಕ್ರಿ. ಶ. 1226ರಲ್ಲಿ ಬಾಗ್ದಾದಿನ ಮುಹಮ್ಮದ್ ಬಿನ್ ಅಲ್-ಹಸನ್ ಅಲ್-ಬಗ್ದಾದಿ ಎಂಬಾತನು ರಚಿಸಿದ ಪಾಕಶಾಸ್ತ್ರದ ಗ್ರಂಥದಲ್ಲಿ ‘ಹೈಸ್’ ಎಂಬ ಸಿಹಿಯೊಂದರ ವಿವರ ಬರುತ್ತದೆ. ಒಣಗಿದ ರೊಟ್ಟಿಯನ್ನು ಕುಟ್ಟಿ ಪುಡಿಮಾಡಿ, ಆ ಪುಡಿ ಒಂದು ಪಾಲಾದರೆ ಬೀಜ ತೆಗೆದ ಖರ್ಜೂರವನ್ನು ಮುಕ್ಕಾಲು ಪಾಲು, ಅರೆದ ಬಾದಾಮಿ ಪಿಸ್ತಾಗಳನ್ನು ಕಾಲು ಪಾಲು ಸೇರಿಸಿ, ಕೈಯಿಂದ ಚೆನ್ನಾಗಿ ನಾದಿ, ಮೇಲೆ ಎಳ್ಳೆಣ್ಣೆ ಹೊಯ್ದು ಉಂಡೆ ಕಟ್ಟಬೇಕೆಂದೂ, ಪ್ರಯಾಣ ಹೊರಟವರಿಗೆ ಇದು ಬಹಳ ಒಳ್ಳೆಯದೆಂದೂ ಅವನು ಹೇಳುತ್ತಾನೆ. ಇಂದು ಅಂಗಡಿಗಳಲ್ಲಿ ಮಿರುಗುವ ಹಾಳೆಯನ್ನು ಹೊದ್ದು ‘ಎನರ್ಜಿ ಬಾರ್’ ಎಂಬ ಬಿರುದಿನಿಂದ ದುಬಾರಿ ಬೆಲೆಗೆ ಬಿಕರಿಯಾಗುವ ತಿನಿಸಿಗೆ ಹೀಗೆ ಎಂಟು ಶತಮಾನಗಳ ಹಿಂದಿನ ಪೂರ್ವಜನೊಬ್ಬನಿದ್ದಾನೆ. ಉಂಡೆಗಳ ಮೇಲೆ ಸಕ್ಕರೆಪುಡಿಯನ್ನು ಉದುರಿಸಬೇಕೆಂಬ ಆ ಪುಣ್ಯಾತ್ಮನ ಕೊನೆಯ ಸೂಚನೆಯೊಂದನ್ನು ಮಾತ್ರ ನಾವು ಧಾರಾಳವಾಗಿ ಮರೆತುಬಿಡಬಹುದು.

ಸಿಹಿ ಪದಾರ್ಥವೊಂದು ಬಿಡಿಬಿಡಿಯಾಗದೆ ಗಟ್ಟಿಯಾಗಿ ನಿಲ್ಲಬೇಕಾದರೆ ಪಾಕ ಹಿಡಿಯಲೇಬೇಕು ಎಂಬುದು ನಮ್ಮ ಅಡುಗೆಮನೆಗಳ ಸ್ಥಿರವಾದ ನಂಬಿಕೆ. ಕಡಲೆಕಾಯಿ ಚಿಕ್ಕಿಯ ಮಟ್ಟಿಗೆ ಅದು ನಿಜವೇ. ಬಟ್ಟಲ ನೀರಿಗೆ ಬಿಟ್ಟ ಬೆಲ್ಲದ ತೊಟ್ಟು ಟಣ್ಣೆಂದು ಮುರಿಯುವ ಹದ ಬರುವ ತನಕ ಕಾಯಿಸುವುದೆಂದರೆ, ಪಾಕದಲ್ಲಿರುವ ನೀರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಓಡಿಸಿ ಉಷ್ಣತೆಯನ್ನು 150 ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಏರಿಸುವುದೆಂದರ್ಥ. ಹಾಗೆ ಕಾದ ಪಾಕವು ಬೇಗನೆ ಆರಿದಾಗ ಶರ್ಕರದ ಅಣುಗಳಿಗೆ ಸಾಲುಗೂಡಿ ಹರಳಾಗಲು ಅವಕಾಶವೇ ದೊರೆಯದೆ, ಭೌತವಿಜ್ಞಾನಿಗಳು ಗಾಜಿನ ಸ್ಥಿತಿಯೆಂದು ಕರೆಯುವ ಅವಸ್ಥೆಯಲ್ಲಿ ಅವು ಇದ್ದಲ್ಲಿಯೇ ಹೆಪ್ಪುಗಟ್ಟಿಬಿಡುತ್ತವೆ. ಖರ್ಜೂರದ ಬಿಲ್ಲೆಗೆ ಇದಾವ ಸಂಭ್ರಮವೂ ಬೇಕಿಲ್ಲ, ಏಕೆಂದರೆ ಅದರ ಪಾಕವು ಮರದ ಮೇಲೆಯೇ ಆಗಿ ಮುಗಿದಿರುತ್ತದೆ.

ಅರಬ್ಬರು ಈ ಹಣ್ಣಿನ ಒಂದೊಂದು ಅವಸ್ಥೆಯನ್ನೂ ಒಂದೊಂದು ಹೆಸರಿನಿಂದ ಕರೆಯುತ್ತಾರೆ. ಹಸಿರುಗಾಯಿಯಾಗಿದ್ದಾಗ ಅದು ಕಿಮ್ರಿ; ಹಳದಿಗೋ ಕೆಂಪಿಗೋ ತಿರುಗಿಯೂ ಗಡುಸಾಗಿದ್ದರೆ ಖಲಾಲ್; ಮೆತ್ತಗೆ ರಸದುಂಬಿದಾಗ ರುತಬ್; ನೀರು ಇಂಗಿ ಸಿಪ್ಪೆ ಸುಕ್ಕುಗಟ್ಟಿ ವರ್ಷದ ಸಂಗ್ರಹಕ್ಕೆ ಒದಗಿದಾಗ ತಮರ್. ಮರುಭೂಮಿಯ ಬಿಸಿಲಿನಲ್ಲಿ ಈ ಕೊನೆಯ ಎರಡು ಅವಸ್ಥೆಗಳನ್ನು ದಾಟುವಾಗ ಹಣ್ಣಿನೊಳಗೆ ಇನ್ವರ್ಟೇಸ್ ಎಂಬ ಕಿಣ್ವವು ಅದರಲ್ಲಿರುವ ಸುಕ್ರೋಸನ್ನು, ಎಂದರೆ ನಮ್ಮ ಡಬ್ಬಿಯ ಸಕ್ಕರೆಯನ್ನೇ, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಶರ್ಕರಗಳಾಗಿ ಒಡೆಯುತ್ತದೆ. ಮೆತ್ತನೆಯ ಜಾತಿಯ ಖರ್ಜೂರಗಳಲ್ಲಿ ಈ ಕ್ರಿಯೆ ಬಹುಮಟ್ಟಿಗೆ ಪೂರ್ಣವಾಗುತ್ತದೆ, ‘ದೆಗ್ಲೆತ್ ನೂರ್’ದಂತಹ ಗಡುಸು ಜಾತಿಯಲ್ಲಿ ಸಾಕಷ್ಟು ಸುಕ್ರೋಸು ಹಾಗೆಯೇ ಉಳಿಯುತ್ತದೆ. ಎರಡು ಶರ್ಕರಗಳು ಕೂಡಿದ ದ್ರಾವಣವು ಒಂಟಿ ಸುಕ್ರೋಸಿನಷ್ಟು ಸುಲಭವಾಗಿ ಹರಳುಗಟ್ಟದು; ಅದರಲ್ಲೂ ಫ್ರಕ್ಟೋಸಿಗೆ ನೀರನ್ನು ಹಿಡಿದು ಬಿಡದಿರುವ ಗುಣವಿರುವುದರಿಂದ ಆ ಪಾಕವು ತಿಂಗಳುಗಟ್ಟಲೆ ಅಂಟಾಗಿಯೇ ಇರುತ್ತದೆ. ಅದಕ್ಕೆ ಹಣ್ಣಿನ ಪೆಕ್ಟಿನ್ನೂ ನಾರೂ ಬೆಂಬಲವಾಗಿ ನಿಂತು, ಬೀಜಗಳ ನಡುವೆ ಕಲ್ಲುಗೋಡೆಯ ಗಾರೆಯ ಕೆಲಸವನ್ನು ಮಾಡುತ್ತವೆ.

ಆದರೆ ಇಷ್ಟೊಂದು ಸಿಹಿಯೂ ತೇವವೂ ಒಂದೆಡೆ ಇದ್ದರೂ ಬೂಷ್ಟು ಹಿಡಿಯುವುದಿಲ್ಲವೇಕೆ? ತಮರ್ ಅವಸ್ಥೆಯ ಖರ್ಜೂರದಲ್ಲಿ ನೂರಕ್ಕೆ 20ರಷ್ಟು ನೀರಿದೆ. ಒಣಗಿದ ಧಾನ್ಯವು ಇಷ್ಟು ತೇವವನ್ನು ಹೊತ್ತಿದ್ದರೆ ಕೆಲವೇ ದಿನಗಳಲ್ಲಿ ಮುಗ್ಗಿಹೋಗುತ್ತಿತ್ತು. ನೀರು ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟರಮಟ್ಟಿಗೆ ಸ್ವತಂತ್ರವಾಗಿದೆ ಎಂಬುದೇ ಇಲ್ಲಿ ಮುಖ್ಯವೆಂಬುದನ್ನು 1950ರ ದಶಕದಲ್ಲಿ ಆಸ್ಟ್ರೇಲಿಯದ ಡಬ್ಲ್ಯು. ಜೆ. ಸ್ಕಾಟ್ ಎಂಬ ವಿಜ್ಞಾನಿಯು ಸೂಕ್ಷ್ಮಜೀವಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿಕೊಟ್ಟನು. ಶುದ್ಧ ಜಲದ ಆವಿಯ ಒತ್ತಡವನ್ನು 1 ಎಂದು ಇಟ್ಟುಕೊಂಡು ಆಹಾರದಲ್ಲಿರುವ ನೀರಿನ ಒತ್ತಡವನ್ನು ಅದರೊಡನೆ ಹೋಲಿಸಿದಾಗ ದೊರೆಯುವ ಸಂಖ್ಯೆಗೆ ಜಲಚಟುವಟಿಕೆಯೆಂದು ಹೆಸರು. ತಾಜಾ ಹಣ್ಣಿನಲ್ಲಿ ಅದು 0.97ಕ್ಕೆ ಮೇಲ್ಪಟ್ಟಿರುತ್ತದೆ. ಹೆಚ್ಚಿನ ಬ್ಯಾಕ್ಟೀರಿಯಗಳಿಗೆ 0.91ಕ್ಕಿಂತ ಕೆಳಗೆ ವೃದ್ಧಿಯಿಲ್ಲ. ಹಟಮಾರಿಯಾದ ಸ್ಟೆಫಿಲೊಕಾಕಸ್ ಸಹ 0.86ರ ಸುಮಾರಿಗೆ ಸೋಲುತ್ತದೆ. ಸಾಮಾನ್ಯ ಬೂಷ್ಟುಗಳಿಗೆ 0.80ರ ಆಸುಪಾಸು ಬೇಕು, 0.60ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. ಖರ್ಜೂರದ ಸ್ಥಾನ ಸರಿಸುಮಾರು ಆ ಕೊನೆಯ ಗಡಿಯ ಬಳಿ: ಅದರ ನೀರನ್ನು ಶರ್ಕರದ ಅಣುಗಳು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬೂಷ್ಟಿನ ಪಾಲಿಗೆ ಅದು ಇದ್ದೂ ಇಲ್ಲದಂತೆ. ಸಿಹಿ, ಅಂಟು, ರಕ್ಷಣೆ ಈ ಮೂರೂ ಒಂದೇ ದ್ರವ್ಯದಿಂದ ಒದಗುವುದೇ ಈ ಬಿಲ್ಲೆಯ ಮರ್ಮ.

ಮಾಡುವ ಕ್ರಮದಲ್ಲಿ ಕಷ್ಟವೇನೂ ಇಲ್ಲ. ಬೀಜ ತೆಗೆದ ಮೆತ್ತನೆಯ ಖರ್ಜೂರ 250 ಗ್ರಾಂ, ಹುರಿದು ಸಿಪ್ಪೆ ಊದಿದ ಕಡಲೆಕಾಯಿ ಬೀಜ 100 ಗ್ರಾಂ, ಬಾದಾಮಿ 50, ಎಳ್ಳು 50, ಕೊಬ್ಬರಿ ತುರಿ 25, ಏಲಕ್ಕಿ, ಒಂದು ಚಿಟಿಕೆ ಉಪ್ಪು. ಒಲೆಯ ಸಂಬಂಧವು ಹುರಿಯುವಷ್ಟಕ್ಕೇ ಮುಗಿಯಿತು. ಖರ್ಜೂರವನ್ನು ತೊಳೆಯಬೇಕೆನ್ನುವವರು ಅಗತ್ಯವಾಗಿ ತೊಳೆಯಲಿ, ಆದರೆ ಬಟ್ಟೆಯ ಮೇಲೆ ಹರವಿ ತೇವ ಪೂರ್ತಿಯಾಗಿ ಆರುವ ತನಕ ಮುಟ್ಟದಿರಲಿ, ಏಕೆಂದರೆ ಮೇಲ್ಮೈಗೆ ಅಂಟಿದ ಆ ನೀರು ಸ್ವತಂತ್ರವಾದ ನೀರು. ಈಳಿಗೆಮಣೆಗೆ ತುಪ್ಪ ಸವರಿಕೊಂಡು ಹಣ್ಣನ್ನು ಸಣ್ಣಗೆ ಹೆಚ್ಚಿ, ಬೀಜಗಳನ್ನು ತರಿತರಿಯಾಗಿ ಕುಟ್ಟಿ, ಎಲ್ಲವನ್ನೂ ಅಂಗೈಯ ಬಿಸುಪು ತಾಗುವಂತೆ ನಾದುತ್ತ ಹೋದರೆ, ಮೊದಲು ಪುಡಿಪುಡಿಯಾಗಿ ಕೈಗೆ ಹತ್ತದೆ ಸತಾಯಿಸಿದ ಮಿಶ್ರಣವು ಬೀಜಗಳ ಎಣ್ಣೆ ಹೊರಟ ಕೂಡಲೇ ತಟಕ್ಕನೆ ಒಂದು ಮುದ್ದೆಯಾಗುತ್ತದೆ. ಈ ಘಳಿಗೆ ಬರುವ ಮುನ್ನ ಸಹನೆಗೆಟ್ಟು ನೀರೋ ಹಾಲೋ ಚಿಮುಕಿಸಿದರೆ ಮೇಲೆ ಹೇಳಿದ 0.60ರ ಕೋಟೆಯನ್ನು ನಾವೇ ಒಡೆದಂತಾಯಿತು. ಜಿಡ್ಡು ಸವರಿದ ತಟ್ಟೆಯಲ್ಲಿ ತಟ್ಟಿ, ಲಟ್ಟಣಿಗೆಯಿಂದ ಬಿಗಿಯಾಗಿ ಒತ್ತಿ, ಒಂದು ಗಂಟೆ ತಣ್ಣಗಿರಿಸಿ ಕೊಯ್ದರೆ ಇಪ್ಪತ್ತು ಬಿಲ್ಲೆಗಳಾದಾವು.

ಖರ್ಜೂರವನ್ನು ಮಿಕ್ಸಿಗೆ ಹಾಕದೆ ಈಳಿಗೆಯಲ್ಲಿ ಹೆಚ್ಚಬೇಕೆಂದು ಹೇಳಿದುದಕ್ಕೆ ಹಳೆಯ ವಸ್ತುಗಳ ಮೇಲಿನ ಮೋಹವಷ್ಟೇ ಕಾರಣವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ ದಿನದ ಒಟ್ಟು ಶಕ್ತಿಯ ಶೇಕಡ 10ಕ್ಕಿಂತ ಕಡಿಮೆ ಭಾಗ ಮಾತ್ರ ‘ಬಿಡುಶರ್ಕರ’ಗಳಿಂದ ಬರಬೇಕೆಂದೂ, 5ಕ್ಕಿಂತ ಕೆಳಗಿಳಿದರೆ ಮತ್ತಷ್ಟು ಹಿತವೆಂದೂ ಹೇಳಿದೆ. ನಾವು ಬೆರೆಸುವ ಸಕ್ಕರೆ ಬೆಲ್ಲಗಳಲ್ಲದೆ ಜೇನುತುಪ್ಪ, ಹಣ್ಣಿನ ರಸ ಇವುಗಳ ಶರ್ಕರವೂ ಈ ಲೆಕ್ಕಕ್ಕೆ ಸೇರುತ್ತದೆ. ಇಡೀ ಹಣ್ಣಿನ ಜೀವಕೋಶಗಳೊಳಗೆ ಇರತಕ್ಕ ಶರ್ಕರ ಸೇರುವುದಿಲ್ಲ. ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ವರ್ಗೀಕರಣವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಣಹಣ್ಣನ್ನು ವಿನಾಯಿತಿಯೊಳಗೆ ಇಟ್ಟರೂ ಅದನ್ನೇ ನುಣ್ಣಗೆ ಅರೆದರೆ ಬಿಡುಶರ್ಕರವೆಂದೇ ಎಣಿಸುತ್ತದೆ; ಕೋಶದ ಗೋಡೆಗಳು ನುಚ್ಚುನೂರಾದ ಮೇಲೆ ಒಳಗಿನ ಸಿಹಿಗೆ ತಡೆಯಿಲ್ಲವೆಂಬುದೇ ಅದರ ತರ್ಕ. ಹೆಚ್ಚಿದ ಹಣ್ಣು ಅರೆದ ಹಣ್ಣಿನಷ್ಟು ನಯವಾಗಿ ಅಂಟದಿದ್ದರೂ ಅದನ್ನು ಅಗಿಯಬೇಕಾಗುತ್ತದೆ, ಅಗಿಯುವವನು ನಿಧಾನವಾಗಿ ತಿನ್ನುತ್ತಾನೆ.

ಇದೇ ಕಾರಣದಿಂದ ‘ಸಕ್ಕರೆಯೇ ಇಲ್ಲ’ ಎಂಬ ಹೊಗಳಿಕೆಯನ್ನು ನಾನು ಒಪ್ಪಲಾರೆ. ಖರ್ಜೂರದ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಶರ್ಕರವೇ. ಮೇಲಿನ ಅಳತೆಯಂತೆ ಮಾಡಿದ ಒಂದೊಂದು ಬಿಲ್ಲೆಯಲ್ಲಿ ಸುಮಾರು 8 ಗ್ರಾಂ, ಎಂದರೆ ಎರಡು ಚಹಾ ಚಮಚೆಯಷ್ಟು ಸಿಹಿಯೂ ನೂರು ಕಿಲೋ ಕ್ಯಾಲೊರಿಯಷ್ಟು ಶಕ್ತಿಯೂ ಇವೆ. ಜೊತೆಗೆ ನಾರು, ಪೊಟ್ಯಾಸಿಯಂ, ಬೀಜಗಳ ಪ್ರೋಟೀನು ಇವೆಯೆಂಬುದೂ, ನಾರು ಮತ್ತು ಕೊಬ್ಬು ಜಠರದ ಕೆಲಸವನ್ನು ನಿಧಾನಗೊಳಿಸುತ್ತವೆಂಬುದೂ ನಿಜ. ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಮುಂದಿಟ್ಟ ಗ್ಲೈಸಿಮಿಕ್ ಸೂಚ್ಯಂಕದಲ್ಲಿ ಖರ್ಜೂರದ ಹಲವು ಜಾತಿಗಳು 55ಕ್ಕಿಂತ ಕೆಳಗೇ ನಿಲ್ಲುತ್ತವೆ. ಅದಕ್ಕೆ ಒಂದು ಕಾರಣ, ಶರ್ಕರದ ಅರ್ಧದಷ್ಟಿರುವ ಫ್ರಕ್ಟೋಸು ನೇರವಾಗಿ ರಕ್ತದ ಗ್ಲೂಕೋಸನ್ನು ಏರಿಸದೆ ಯಕೃತ್ತಿನ ಕಡೆಗೆ ಹೋಗುವುದು. ಹಾಗೆಂದು ಮಧುಮೇಹಿಗಳಿಗೆ ಮುಕ್ತದ್ವಾರವೆಂದು ಭಾವಿಸುವುದು ದುಡುಕು. ಹಲ್ಲುಗಳಿಗಂತೂ ಹಣ್ಣಿನ ಸಿಹಿ ಬೇರೆ, ಡಬ್ಬಿಯ ಸಿಹಿ ಬೇರೆ ಎಂಬ ಭೇದ ತಿಳಿಯದು. ಅಂಟುವ ತಿನಿಸನ್ನು ಊಟದ ಹಿಂದೆಯೇ ಕೊಟ್ಟು ಬಾಯಿ ಮುಕ್ಕಳಿಸಲು ಹೇಳುವುದು ಲೇಸು.

ಬಿಲ್ಲೆಯನ್ನು ಕೆಡಿಸುವುದು ಬಹುಮಟ್ಟಿಗೆ ಹಣ್ಣಲ್ಲ, ಬೀಜ. ಕುಟ್ಟಿದ ಬೀಜದ ಎಣ್ಣೆಗೆ ಗಾಳಿ ತಾಗಿ ಆಮ್ಲಜನಕ ಸೇರಿದಂತೆಲ್ಲ ಕಮಟು ವಾಸನೆ ಹುಟ್ಟುತ್ತದೆ. ಎಳ್ಳಿನ ಎಣ್ಣೆಯಲ್ಲಿ ಸಹಜವಾಗಿಯೇ ಇರುವ ಸೆಸಮಾಲ್ ಮುಂತಾದ ದ್ರವ್ಯಗಳು ಈ ಕ್ರಿಯೆಯನ್ನು ತಡೆಯುವುದರಿಂದ ಅದು ಉಳಿದವುಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ. ಕರಿದಾದ, ಸುಕ್ಕಿದ, ಮುಗ್ಗಲು ನಾರುವ ಕಡಲೆಕಾಯಿ ಬೀಜವನ್ನು ನಿರ್ದಾಕ್ಷಿಣ್ಯವಾಗಿ ಎಸೆಯತಕ್ಕದ್ದು, ಏಕೆಂದರೆ ಅಸ್ಪರ್ಜಿಲಸ್ ಎಂಬ ಬೂಷ್ಟು ಅದರಲ್ಲಿ ಬಿಡುವ ಅಫ್ಲಟಾಕ್ಸಿನ್ ಎಂಬ ವಿಷವು ಹುರಿದರೂ ಪೂರ್ತಿ ನಾಶವಾಗದು; 1960ರಲ್ಲಿ ಇಂಗ್ಲೆಂಡಿನ ಟರ್ಕಿಕೋಳಿಗಳು ಅದೇ ವಿಷದಿಂದ ರಾಶಿರಾಶಿಯಾಗಿ ಸತ್ತಾಗಲೇ ಜಗತ್ತಿಗೆ ಅದರ ಪರಿಚಯವಾದದ್ದು. ಇಡೀ ಬೀಜವನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಗಂಟಲಿಗೆ ಸಿಕ್ಕುವ ಭಯವಿದೆ. ಅಂಟು ಸಾಲದೆಂದು ಜೇನುತುಪ್ಪ ಬೆರೆಸುವ ರೂಢಿಯವರು ವರ್ಷ ತುಂಬದ ಶಿಶುವಿನ ಬಾಯಿಗೆ ಅದನ್ನು ತಾಗಿಸಬಾರದು. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆಯುತ್ತವೆ.

ಇನ್ನು ಹವೆಯ ವಿಚಾರ. ಜಲಚಟುವಟಿಕೆಯ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ, ಆ ಪದಾರ್ಥವು ಎಷ್ಟು ಆರ್ದ್ರತೆಯ ಗಾಳಿಯಲ್ಲಿ ನೀರನ್ನು ಹೀರದೆಯೂ ಬಿಡದೆಯೂ ಇದ್ದೀತು ಎಂಬುದು ತಿಳಿಯುತ್ತದೆ. ನಮ್ಮ ಬಿಲ್ಲೆಗೆ ಅದು ಸುಮಾರು 60. ಶೇಕಡ 85ನ್ನು ಮೀರುವ ಮಂಗಳೂರಿನ ಮಳೆಗಾಲದ ಗಾಳಿಯಲ್ಲಿ ಬಿಚ್ಚಿಟ್ಟ ಬಿಲ್ಲೆಯು ನೀರನ್ನು ಹೀರಿ ಬೆವರಿ ಬೂಷ್ಟಿಗೆ ಬಾಗಿಲು ತೆರೆದರೆ, ಏಪ್ರಿಲ್ಲಿನ ಮಧ್ಯಾಹ್ನ 30ಕ್ಕೂ ಕೆಳಗಿಳಿಯುವ ಕಲಬುರಗಿಯಲ್ಲಿ ಅದೇ ಬಿಲ್ಲೆ ಒಣಗಿ ಗಟ್ಟಿಯಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯೇ ಎರಡೂ ಊರಿಗೆ ಪರಿಹಾರ. ಗರಿಗರಿಯಾಗಲೆಂದು ಮಂಡಕ್ಕಿಯನ್ನೋ ಹುರಿದ ಅವಲಕ್ಕಿಯನ್ನೋ ಬೆರೆಸಿದವರಿಗೆ ಮರುದಿನವೇ ನಿರಾಶೆಯಾಗುವುದೂ ಇದೇ ನಿಯಮದಿಂದ: ಖರ್ಜೂರದ ನೀರು ಒಣಗಿದ ಅಕ್ಕಿಯ ಕಡೆಗೆ ಸರಿದು, ಎರಡೂ ಸಮವಾಗುವಷ್ಟರಲ್ಲಿ ಮಂಡಕ್ಕಿ ತೊಗಲಿನಂತಾಗಿರುತ್ತದೆ. ತುಪ್ಪದಲ್ಲಿ ಹೊರಳಿಸಿ ಹಾಕಿದರೆ ತುಸು ತಡವಾದೀತು, ಅಷ್ಟೇ. ಬಹುದಿನ ಇಟ್ಟ ಖರ್ಜೂರದ ಮೇಲೆ ಕಾಣುವ ಬಿಳಿಯ ಚುಕ್ಕೆಗಳಿಗೆಲ್ಲ ಹೆದರಬೇಕಾಗಿಲ್ಲ. ಅಂಗೈಯಲ್ಲಿ ಬೆಚ್ಚಗಾದಾಗ ಕರಗಿದರೆ ಅದು ಬೇರ್ಪಟ್ಟು ನಿಂತ ಶರ್ಕರದ ಹರಳು, ಹತ್ತಿಯಂತೆ ನವಿರೆದ್ದು ಮುಗ್ಗಲು ನಾರಿದರೆ ಬೂಷ್ಟು.

ಖರ್ಜೂರವೇ ಆಗಬೇಕೆಂದಿಲ್ಲ. ವಿಜಯಪುರದ ಒಣದ್ರಾಕ್ಷಿ ಇನ್ನಷ್ಟು ಒಣಗಿದ್ದು ಹುಳಿಯನ್ನೂ ತರುತ್ತದೆ. ಅಂಜೂರದ ಸಣ್ಣ ಬೀಜಗಳು ಹಲ್ಲಿಗೆ ಹಿತವಾಗಿ ಸಿಗುತ್ತವೆ. ಉತ್ತರ ಕನ್ನಡದ ಸುಕೇಳಿ, ಎಂದರೆ ಬಿಸಿಲಿಗೆ ಒಣಗಿಸಿದ ಬಾಳೆಹಣ್ಣು, ಅಂಟಿನಲ್ಲಿ ಖರ್ಜೂರಕ್ಕೆ ಸಾಟಿ. ಕರಾವಳಿಯ ಮಾಂಬಳವನ್ನು ಚೂರುಮಾಡಿ ಸೇರಿಸಿದರೆ ಪರಿಮಳ ಬೇರೆಯೇ. ಇವೆಲ್ಲ ನೀರನ್ನು ಮೊದಲೇ ಕಳೆದುಕೊಂಡ ಹಣ್ಣುಗಳೆಂಬುದನ್ನು ಗಮನಿಸಬೇಕು. ಕಳಿತ ಬಾಳೆಹಣ್ಣನ್ನು ಕಿವುಚಿ ಓಟ್ಸಿನೊಡನೆ ಕಲಸಿ ತಟ್ಟುವ ಬಿಲ್ಲೆಯು ನೋಡಲು ಇವುಗಳಂತೆಯೇ ಇದ್ದರೂ ಬೇರೊಂದು ಜಾತಿಯದು: ಆ ಹಣ್ಣಿನ ನಾಲ್ಕರಲ್ಲಿ ಮೂರು ಪಾಲು ನೀರು, ಅದೂ ಬಹುಪಾಲು ಸ್ವತಂತ್ರವಾದ ನೀರು. ಅದನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳೊಳಗೆ ತಿಂದು ಮುಗಿಸಬೇಕು. ಮಕ್ಕಳ ಶಾಲೆಯ ಬುತ್ತಿಗೆ ಹಾಕಿ ಮಧ್ಯಾಹ್ನದ ತನಕ ಬೆಚ್ಚಗಿಡಬಾರದು.