ಟಪಾಲಿನಲ್ಲಿ ಬಂದ ಮದುಮಗಳು

ಮಧ್ಯಾಹ್ನದ ಹೊತ್ತು. ಸಂಗನಕಲ್ಲಿನ ನಮ್ಮ ಪಡಸಾಲೆಯಲ್ಲಿ ಒಣಮೆಣಸಿನಕಾಯಿ ಹರವಿಕೊಂಡು ತೊಟ್ಟು ಬಿಡಿಸುತ್ತಿದ್ದೆವು. ಬಳ್ಳಾರಿಯಲ್ಲಿ ಕಾಲೇಜು ಓದುವ ಅಕ್ಕನ ಮಗಳು ಮಾತ್ರ ಮೂಲೆಯಲ್ಲಿ ಇಂಗ್ಲಿಷ್ ಕಾದಂಬರಿ ಹಿಡಿದು ಕಿಸಕ್ಕನೆ ನಗುತ್ತಿದ್ದಳು.

“ನಮಗೂ ಹೇಳಬಾರದೇನೇ?” ಎಂದೆ.

“ಚಿಗವ್ವಾ, ಇದರಾಗ ಮದುಮಗಳು ಟಪಾಲಿನ್ಯಾಗ ಬರ್ತಾಳ!”

ಕಥೆ ಇಷ್ಟು. ಅಮೆರಿಕದ ಪಶ್ಚಿಮ ಸೀಮೆಯಲ್ಲಿ ದನ ಸಾಕುವ ಒಬ್ಬ ಒಂಟಿ ಗಂಡು. ಅವನ ಅಜ್ಜಿ, ಅವನಿಗೆ ತಿಳಿಯದಂತೆ, ‘ಕನ್ಯೆ ಬೇಕಾಗಿದೆ’ ಎಂದು ಪೇಪರಿನಲ್ಲಿ ಹಾಕಿಸಿ, ಅವನ ಹೆಸರಿನಲ್ಲಿ ಪ್ರೇಮಪತ್ರವನ್ನೂ ಬರೆದುಬಿಟ್ಟಿದ್ದಾಳೆ. ಒಂದು ದಿನ ಹೆಣ್ಣು ಟ್ರಂಕಿನ ಸಮೇತ ರೈಲಿನಿಂದ ಇಳಿದೇಬಿಟ್ಟಳು! ‘ಅಡಿಗೆಯಲ್ಲಿ ನಿಪುಣೆ’ ಎಂದು ಬರೆದಿದ್ದವಳಿಗೆ ಒಲೆ ಹಚ್ಚಲೂ ಬಾರದು. ಅಜ್ಜಿ ಬರೆದ ‘ದೊಡ್ಡ ಮನೆ’ಯೋ, ಒಂದೇ ಕೋಣೆಯ ಗುಡಿಸಲು. ಜಗಳ, ಹೊಗೆ, ಸೀದ ರೊಟ್ಟಿ, ಕೊನೆಗೆ ಪ್ರೀತಿ! ನಕ್ಕು ನಕ್ಕು ನಮ್ಮ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯ ಘಾಟೂ ಸೇರಿತ್ತೆನ್ನಿ.

ಇದು ಪೂರಾ ಕಟ್ಟುಕಥೆಯೇನಲ್ಲ. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಮೇಲೆ ಗಂಡಸರು ಪಶ್ಚಿಮಕ್ಕೆ ಮುಗಿಬಿದ್ದರು. 1862ರ ಕಾಯಿದೆ, ಐದು ವರ್ಷ ನೆಲೆಸಿ ಉಳುವವರಿಗೆ 160 ಎಕರೆ ಕೊಡುತ್ತೇನೆಂದಿತು. ಭೂಮಿ ಸಿಕ್ಕಿತು, ಮನೆಯಲ್ಲಿ ದೀಪ ಹಚ್ಚುವವರಿಲ್ಲ!

ಪೂರ್ವದಲ್ಲಿ ಇದೇ ಮಾತು ತಿರುವುಮುರುವು. ಅಂತರ್ಯುದ್ಧದಲ್ಲಿ ಗಂಡುಮಕ್ಕಳು ಸಾಯುತ್ತಿದ್ದರು. ಹತ್ತಿ ಬಾರದೆ ಲೊವೆಲ್ ಊರಿನ ಗಿರಣಿಗಳಲ್ಲಿ ಹೆಣ್ಣುಮಕ್ಕಳಿಗೆ ಕೆಲಸ ಹೋಗಿತ್ತು. 1864ರಲ್ಲಿ ಏಸಾ ಮರ್ಸರ್ ಎಂಬ ತರುಣ ಅಲ್ಲಿಂದ 11 ಮಂದಿಯನ್ನು ಹಡಗು ಹತ್ತಿಸಿ ದೂರದ ಸಿಯಾಟಲ್‌ಗೆ ಕರೆತಂದ. ಎರಡನೆಯ ಸಲ ನೂರಾರು ಮಂದಿ ಬರುತ್ತಾರೆಂದು ಆಸೆ ಹುಟ್ಟಿಸಿದ. 1866ರಲ್ಲಿ ಬಂದವರು ನೂರಕ್ಕೂ ಕಡಿಮೆ. ಅದರಲ್ಲೂ ಒಬ್ಬಳನ್ನು ತಾನೇ ಮದುವೆಯಾದ. ದಲ್ಲಾಳಿಯೇ ಮದುಮಗನಾದರೆ ಕಾದು ಕೂತವರ ಗತಿ ಏನು ಹೇಳಿ!

ನಗುವಿನ ಹಿಂದೆ ಅಳುವೂ ಇತ್ತು. ಜಪಾನಿನಿಂದ ಅಮೆರಿಕಕ್ಕೆ 1908ರಿಂದ 1920ರವರೆಗೆ ಸಾವಿರಾರು ಹೆಣ್ಣುಮಕ್ಕಳು ಬರೀ ಫೋಟೋ ನೋಡಿ ಹೋದರು. ಬಂದರಿನಲ್ಲಿ ಇಳಿದು ನೋಡಿದರೆ ಕೆಲವರಿಗೆ ಕಂಡದ್ದು ಫೋಟೋಗಿಂತ ಹತ್ತು-ಹದಿನೈದು ವರ್ಷ ಹೆಚ್ಚು ವಯಸ್ಸಾದ ಗಂಡ. ಫೋಟೋದಲ್ಲಿದ್ದ ಸೂಟು ಕಡ ತಂದದ್ದು. ಹಿಂದಕ್ಕೆ ಹೋಗೋಣವೆಂದರೆ ಕೈಯಲ್ಲಿ ಕಾಸಿಲ್ಲ, ನಡುವೆ ಸಮುದ್ರ.

‘ಅಯ್ಯೋ, ಅದೆಲ್ಲ ಪರದೇಶದ ಮಾತು’ ಎಂದೀರಿ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ನಮ್ಮ ರೈತ ಯುವಕರೇ ‘ಹೆಣ್ಣು ಸಿಗಲಪ್ಪಾ’ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು! ಗರ್ಭದಲ್ಲೇ ಹೆಣ್ಣು ಬೇಡವೆಂದ ಮನೆಗಳೂ ಇದಕ್ಕೆ ಉತ್ತರ ಹೇಳಬೇಕು. ಹೊಲದ ಮನೆಯ ದುಡಿತ ಬೇಡವೆನ್ನುವ ಹುಡುಗಿಯರ ಮಾತನ್ನೂ ಕೇಳಬೇಕು.

ಕಾದಂಬರಿಯಲ್ಲಿ ಸುಳ್ಳು ಬರೆದವರನ್ನು ಕೊನೆಯ ಪುಟ ಕ್ಷಮಿಸುತ್ತದೆ, ಸಂಸಾರ ಕ್ಷಮಿಸುವುದಿಲ್ಲ. ಆದ್ದರಿಂದ ದೂರದ ಸಂಬಂಧ ಬಂದಾಗ ಫೋಟೋ, ಜಾತಕ ನೋಡಿ ತೃಪ್ತಿಪಡಬೇಡಿ. ಹುಡುಗನ ಮನೆಗೆ ಹೇಳದೆ ಒಮ್ಮೆ ಹೋಗಿ ಬನ್ನಿ. ಕೆಲಸದ ಜಾಗದಲ್ಲಿ ವಿಚಾರಿಸಿ. ಹಿಂದೆ ಮದುವೆಯಾಗಿತ್ತೇ, ಸಾಲವಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮದುವೆಯನ್ನು ನೋಂದಣಿ ಮಾಡಿಸಿ. ಪರದೇಶಕ್ಕೆ ಹೋಗುವವಳಾದರೆ ಪಾಸ್‌ಪೋರ್ಟು ಅವಳ ಕೈಯಲ್ಲೇ ಇರಲಿ. ವಾಪಸು ಬರುವಷ್ಟು ಹಣ ಅವಳ ಹೆಸರಿನಲ್ಲಿರಲಿ.

ಇಷ್ಟೆಲ್ಲ ಹೇಳಿ ನಾನು ಜಾಣೆಯಂತೆ ಕೂತಿದ್ದೆ. ಹುಡುಗಿ ಪುಸ್ತಕ ಮಡಚಿದಳು.

“ಚಿಗವ್ವಾ, ಮೊನ್ನೆ ದುಬೈ ಹುಡುಗಗ ನನ್ನ ಫೋಟೋ ಕಳಿಸೀರಲ್ಲ, ನನ್ನ ಒಂದ್ ಮಾತು ಕೇಳಿದ್ರೇನು?”

ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಅಕ್ಕ ನನ್ನ ಮುಖ ನೋಡಿದಳು, ನಾನು ಮೆಣಸಿನಕಾಯಿ ನೋಡಿದೆ. ಆಮೇಲೆ ಕೈ ತೊಳೆದು ಬಂದು ಅವಳ ಪಕ್ಕ ಕೂತೆ. “ತಪ್ಪಾತವ್ವ. ಈಗ ಹೇಳು, ಆ ಹುಡುಗನ್ನ ಏನೇನು ಕೇಳಬೇಕು?”

ಆಕೆ ನೋಟುಪುಸ್ತಕ ತಂದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡು ಪುಟ ತುಂಬಿತ್ತು.