ಸಕ್ಕರೆ ಕಟ್ಟಿದ್ದು, ಸಿಡಿಮದ್ದು ಕೊಂಡದ್ದು: ಫಾಂಟ್‌ಹಿಲ್ ಗೋಪುರದ ಕತೆ

ಇಂಗ್ಲಿಷಿನಲ್ಲಿ 'ಫಾಲಿ' ಅಂದರೆ ಮೂರ್ಖತನ. ಕಟ್ಟಡಗಳ ಲೋಕದಲ್ಲಿ ಅದೇ ಪದಕ್ಕೆ ಇನ್ನೊಂದು ಅರ್ಥ ಇದೆ. ಯಾವ ಉಪಯೋಗಕ್ಕೂ ಬಾರದ, ಜನ ನೋಡಿ ಬೆರಗಾಗಲಿ ಅಂತಷ್ಟೇ ಎಬ್ಬಿಸಿದ ಗೋಪುರ, ಹೊಸದಾಗಿ ಕಟ್ಟಿಸಿದ 'ಹಳೇ' ಪಾಳುಕೋಟೆ, ಕೆರೆ ದಂಡೆಯ ಡಮ್ಮಿ ದೇಗುಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಜಮೀನ್ದಾರರಿಗೆ ಇದೊಂದು ಶೋಕಿ. ಪ್ರವಾಸಿ ಪುಸ್ತಕಗಳು ಇವುಗಳ ಬಗ್ಗೆ ಮುದ್ದು ಮಾಡುವ ಧಾಟಿಯಲ್ಲೇ ಮಾತಾಡುತ್ತವೆ: ಪಾಪ, ವಿಚಿತ್ರ ಮನುಷ್ಯ, ಏನೋ ಹುಚ್ಚು. ನನ್ನ ತಕರಾರು ಇರೋದು ಈ ಧಾಟಿಯ ಮೇಲೆ. ಹುಚ್ಚು ಅಂದ ಕೂಡಲೇ 'ದುಡ್ಡು ಎಲ್ಲಿಂದ ಬಂತು?' ಅನ್ನೋ ಪ್ರಶ್ನೆ ಅಲ್ಲೇ ಸತ್ತುಹೋಗುತ್ತೆ.

ವಿಲ್ಟ್‌ಶೈರ್‌ನ ಫಾಂಟ್‌ಹಿಲ್ ಅಬೆಯನ್ನೇ ತಗೊಳ್ಳಿ. ಹೆಸರಿಗೆ ಕ್ರೈಸ್ತ ಮಠ. ಅಲ್ಲಿ ಒಬ್ಬ ಸನ್ಯಾಸಿಯೂ ಇರಲಿಲ್ಲ. ಇದ್ದದ್ದು ಒಬ್ಬನೇ ಮಾಲೀಕ, ವಿಲಿಯಂ ಬೆಕ್‌ಫರ್ಡ್, ಮತ್ತು ಅವನ ಆಳುಕಾಳು. 1796ರಲ್ಲಿ ಕೆಲಸ ಶುರುವಾಯಿತು. ಜೇಮ್ಸ್ ವ್ಯಾಟ್ ಆಗಿನ ಹೆಸರಾಂತ ವಾಸ್ತುಶಿಲ್ಪಿ. ಸುಮಾರು 500 ಜನ ಪಾಳಿಯಲ್ಲಿ ಹಗಲೂ ರಾತ್ರಿ, ಪಂಜಿನ ಬೆಳಕಿನಲ್ಲಿ ದುಡಿದರು. ನಡುವಿನ ಗೋಪುರದ ಎತ್ತರ 276 ಅಡಿ. ಎಸ್ಟೇಟಿನ ಸುತ್ತ ಮೈಲುಗಟ್ಟಲೆ ಉದ್ದದ, 12 ಅಡಿ ಎತ್ತರದ ಗೋಡೆ, ಬೇಟೆಗಾರರೂ ನೆರೆಹೊರೆಯವರೂ ಒಳಗೆ ಬರಬಾರದು ಅಂತ. ಅಪ್ಪ ಕಟ್ಟಿಸಿದ ಬಂಗಲೆಯನ್ನು ಕೆಡವಿ ಅದರ ಕಲ್ಲನ್ನೂ ಇದಕ್ಕೇ ಬಳಸಿಕೊಂಡ.

ಆ ಅಪ್ಪನಿಂದಲೇ ಕತೆ ನೋಡಬೇಕು. ಅವನ ಹೆಸರೂ ವಿಲಿಯಂ ಬೆಕ್‌ಫರ್ಡ್. ಹುಟ್ಟಿದ್ದು ಜಮೈಕಾದಲ್ಲಿ, ಆಳಿದ್ದು ಲಂಡನ್ನಿನಲ್ಲಿ. ಎರಡು ಸಲ ಲಾರ್ಡ್ ಮೇಯರ್, ಜತೆಗೆ ಸಂಸದ. ಜಮೈಕಾದಲ್ಲಿ ಅವನಿಗೆ 13 ಕಬ್ಬಿನ ತೋಟಗಳಿದ್ದವು, ಅಂದಾಜು 3,000 ಗುಲಾಮರಿದ್ದರು. ಇದೇ ಮನುಷ್ಯ ಜಾನ್ ವಿಲ್ಕ್ಸ್‌ನ ಬೆಂಬಲಿಗ, ಮತದಾರರ ಹಕ್ಕಿನ ಪರವಾಗಿ ಗಟ್ಟಿ ದನಿ ಎತ್ತಿದವನು. 1770ರಲ್ಲಿ ದೊರೆ ಮೂರನೇ ಜಾರ್ಜ್‌ನ ಎದುರು ನಿಂತು, ಜನರ ದೂರನ್ನು ತಳ್ಳಿಹಾಕಬೇಡಿ ಅಂತ ಮುಖಕ್ಕೇ ಹೇಳಿದ. ಆ ಮಾತಿಗಾಗಿಯೇ ಲಂಡನ್ ನಗರಸಭೆ ಗಿಲ್ಡ್‌ಹಾಲ್‌ನಲ್ಲಿ ಅವನ ಪ್ರತಿಮೆ ನಿಲ್ಲಿಸಿ, ಭಾಷಣವನ್ನು ಪೀಠದ ಮೇಲೆ ಕೆತ್ತಿಸಿತು. ಸ್ವಾತಂತ್ರ್ಯದ ವೀರ, ಮೂರು ಸಾವಿರ ಜನರ ಒಡೆಯ. ಇದನ್ನ ವಿರೋಧಾಭಾಸ ಅನ್ನೋಕೆ ನನಗೆ ಮನಸ್ಸಿಲ್ಲ. ದೊರೆಗೆ ಸೆಡ್ಡು ಹೊಡೆಯುವ ಧೈರ್ಯಕ್ಕೆ ಬಂಡವಾಳ ಬೇಕಲ್ವಾ, ಅದು ಕಬ್ಬಿನ ಗಾಣದಿಂದ ಬಂದಿತ್ತು.

ಅದೇ ವರ್ಷ ಅಪ್ಪ ಸತ್ತ. ಮಗನಿಗೆ ಆಗಿನ್ನೂ ಹತ್ತು ತುಂಬಿರಲಿಲ್ಲ. ಇಂಗ್ಲೆಂಡಿನ ಅತಿ ಶ್ರೀಮಂತರಲ್ಲಿ ಒಬ್ಬನಾದ. ಸಂಗೀತ ಕಲಿತ, 'ವಾತೆಕ್' ಅನ್ನೋ ಕಾದಂಬರಿ ಬರೆದ, ಪುಸ್ತಕ ಮತ್ತು ಚಿತ್ರಗಳನ್ನು ಗುಡ್ಡೆ ಹಾಕಿದ. 1784ರಲ್ಲಿ ವಿಲಿಯಂ ಕೋರ್ಟ್ನಿ ಎಂಬ ಹುಡುಗನ ಜತೆಗಿನ ಸಂಬಂಧದ ಗುಲ್ಲೆದ್ದು, ಸಮಾಜ ಅವನನ್ನು ಹೊರಗಿಟ್ಟಿತು. ಗೋಡೆಯ ಎತ್ತರಕ್ಕೆ ಇದೂ ಒಂದು ಕಾರಣ. ಆದರೆ ಗಮನಿಸಿ, ಜಮೈಕಾ ಲಾಭದ ಬಗ್ಗೆ ಆ ಸಮಾಜಕ್ಕೆ ಮುಜುಗರ ಇರಲಿಲ್ಲ. 1787ರಲ್ಲಿ ತೋಟಗಳನ್ನು ನೋಡಿ ಬರಲು ಹಡಗು ಹತ್ತಿದವನು ಲಿಸ್ಬನ್‌ನಲ್ಲೇ ಇಳಿದುಬಿಟ್ಟ. ಜಮೈಕಾವನ್ನು ಬದುಕಿಡೀ ನೋಡಲಿಲ್ಲ, ದುಡ್ಡು ಮಾತ್ರ ಬರುತ್ತಲೇ ಇತ್ತು.

ಇಂಜಿನಿಯರಿಂಗ್ ಓದಿ ಆಮೇಲೆ ಪತ್ರಿಕೆಗೆ ಬಂದವನು ನಾನು, ಹಾಗಾಗಿ ಗೋಪುರದ ಬಗ್ಗೆ ಎರಡು ಮಾತು. ಗಾಥಿಕ್ ಚರ್ಚುಗಳು ಏಳಲು ದಶಕಗಳೇ ಬೇಕಾಗುತ್ತಿದ್ದವು. ಗಾರೆ ಗಟ್ಟಿಯಾಗಬೇಕು, ನೆಲ ಭಾರಕ್ಕೆ ಒಗ್ಗಬೇಕು. ಫಾಂಟ್‌ಹಿಲ್‌ನಲ್ಲಿ ಅಷ್ಟು ತಾಳ್ಮೆ ಯಾರಿಗಿತ್ತು? ಮೊದಲು ಯೋಚಿಸಿದ್ದು ಪಾಳುಬಿದ್ದ ಮಠದಂಥ ಒಂದು ಅಲಂಕಾರದ ಕಟ್ಟಡ. ಆಸೆ ಬೆಳೆದ ಹಾಗೆ ಅದರ ಮೇಲೇ ಎತ್ತರ ಏರಿಸುತ್ತಾ ಹೋದರು. ಮರ ಮತ್ತು ಸಿಮೆಂಟ್ ಗಾರೆಯ ಮೊದಲ ಗೋಪುರ ಕಟ್ಟುವಾಗಲೇ ಕುಸಿಯಿತು. ಬೆಕ್‌ಫರ್ಡ್ ಮತ್ತೆ ಕಟ್ಟಿಸಿದ.

1822ರ ಹೊತ್ತಿಗೆ ಸಕ್ಕರೆ ಬೆಲೆ ಇಳಿದಿತ್ತು, ಸಾಲ ಏರಿತ್ತು. ಅಬೆ ಹರಾಜಿಗೆ ಬಂತು. ಅಲ್ಲಿಯವರೆಗೆ ಗೋಡೆಯಾಚೆ ನಿಂತಿದ್ದ ಜನ ಕ್ಯಾಟಲಾಗ್ ಕೊಂಡು ಒಳನುಗ್ಗಿದರು. ಒಂದೊಂದು ಗಿನಿ ಬೆಲೆಯ ಸುಮಾರು 72,000 ಕ್ಯಾಟಲಾಗ್ ಮಾರಾಟವಾದವು ಅನ್ನುತ್ತಾರೆ. ಹರಾಜು ಮಾತ್ರ ನಡೆಯಲೇ ಇಲ್ಲ. ಅದಕ್ಕೂ ಮೊದಲೇ ಒಬ್ಬ ಮುದುಕ ಸುಮಾರು 3 ಲಕ್ಷ ಪೌಂಡ್ ಕೊಟ್ಟು ಇಡೀ ಎಸ್ಟೇಟ್ ಕೊಂಡ.

ಆ ಮುದುಕ ಜಾನ್ ಫಾರ್ಕರ್. ಇಲ್ಲಿ ಕತೆ ನಮ್ಮ ಕಡೆಗೆ ತಿರುಗುತ್ತೆ. ಸ್ಕಾಟ್ಲೆಂಡಿನ ಈತ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ ಮುಂಬೈಗೆ ಬಂದ, ಸೊಂಟಕ್ಕೆ ಗಾಯವಾಗಿ ಕುಂಟನಾದ, ಬಂಗಾಳಕ್ಕೆ ಹೋಗಿ ರಸಾಯನಶಾಸ್ತ್ರ ಹಿಡಿದ. ಕಲ್ಕತ್ತಾ ಬಳಿಯ ಪಲ್ತಾದ ಸಿಡಿಮದ್ದು ಕಾರ್ಖಾನೆ ನೋಡಿಕೊಳ್ಳತೊಡಗಿ, ಕೊನೆಗೆ ಕಂಪನಿ ಸರ್ಕಾರಕ್ಕೆ ಸಿಡಿಮದ್ದು ಪೂರೈಸುವ ಏಕೈಕ ಗುತ್ತಿಗೆದಾರನಾದ. ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪು ಬಿಹಾರ, ಬಂಗಾಳದಲ್ಲಿ ಧಾರಾಳ. ಗಿರಾಕಿಗೂ ಕೊರತೆ ಇರಲಿಲ್ಲ: ಆ ದಶಕಗಳಲ್ಲಿ ಕಂಪನಿ ಮರಾಠರ ಜತೆ, ನಮ್ಮ ಹೈದರ್, ಟಿಪ್ಪು ಜತೆ ಯುದ್ಧದಲ್ಲೇ ಇತ್ತು. ಫಾರ್ಕರ್ ಲಕ್ಷಾಂತರ ಪೌಂಡ್ ಕಟ್ಟಿಕೊಂಡು ಊರಿಗೆ ಮರಳಿದ. ಎಂಥ ಜುಗ್ಗ ಅಂದರೆ, ಹಳೇ ಬಟ್ಟೆ ನೋಡಿ ಜನ ಭಿಕ್ಷುಕ ಅಂದುಕೊಳ್ಳುತ್ತಿದ್ದರಂತೆ.

ಮಾರಾಟದ ನಂತರ ಕಟ್ಟಡದ ಮೇಸ್ತ್ರಿ ಸಾಯುವ ಮುನ್ನ ಬೆಕ್‌ಫರ್ಡ್‌ನನ್ನು ಕರೆಸಿ ಒಂದು ಗುಟ್ಟು ಹೇಳಿದ ಅನ್ನೋ ಕತೆ ಇದೆ. ಗೋಪುರದ ಅಡಿಪಾಯದಲ್ಲಿ ತಲೆಕೆಳಗಾದ ಕಮಾನುಗಳನ್ನು ಕಟ್ಟಬೇಕಿತ್ತು. ಕಂಬಗಳ ಭಾರವನ್ನು ನೆಲಕ್ಕೆ ಸಮನಾಗಿ ಹಂಚೋದು ಅವೇ. ಅದಕ್ಕೆ ದುಡ್ಡು ತಗೊಂಡಿದ್ದರು, ಕಮಾನು ಮಾತ್ರ ಕಟ್ಟಲೇ ಇಲ್ಲ. (ಎಲ್ಲೋ ಕೇಳಿದ ಹಾಗಿದೆ, ಅಲ್ವಾ?) ಬೆಕ್‌ಫರ್ಡ್ ಇದನ್ನು ಫಾರ್ಕರ್‌ಗೆ ತಿಳಿಸಿದ. ನನ್ನ ಆಯಸ್ಸು ಇರೋವರೆಗೆ ನಿಂತರೆ ಸಾಕು ಬಿಡಿ ಅಂದನಂತೆ ಮುದುಕ. ನಿಲ್ಲಲಿಲ್ಲ. 1825ರ ಡಿಸೆಂಬರ್ 21ರಂದು ಗೋಪುರ ಕುಸಿಯಿತು. ಫಾರ್ಕರ್ ಸತ್ತದ್ದು ಮರುವರ್ಷ.

ಬೆಕ್‌ಫರ್ಡ್ ಅಷ್ಟರಲ್ಲಿ ಬಾತ್ ನಗರದಲ್ಲಿ ನೆಲೆಸಿ, ಲ್ಯಾನ್ಸ್‌ಡೌನ್ ಗುಡ್ಡದ ಮೇಲೆ 120 ಅಡಿಯ ಇನ್ನೊಂದು ಗೋಪುರ ಕಟ್ಟಿಸುತ್ತಿದ್ದ. ಗುಲಾಮಗಿರಿ ರದ್ದತಿಯ 1833ರ ಕಾಯ್ದೆಯಡಿ ಬ್ರಿಟನ್ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಮಾಲೀಕರಿಗೆ. ಪಡೆದವರ ಪಟ್ಟಿಯಲ್ಲಿ ಬೆಕ್‌ಫರ್ಡ್ ಕೂಡ ಇದ್ದಾನೆ. ದುಡಿದವರಿಗೆ ಒಂದು ಬಿಡಿಗಾಸೂ ಇಲ್ಲ. 'ಅಪ್ರೆಂಟಿಸ್' ಅನ್ನೋ ಹೊಸ ಹೆಸರಲ್ಲಿ 1838ರವರೆಗೆ ಹಳೇ ಮಾಲೀಕರ ಬಳಿಯೇ ದುಡಿಯಬೇಕಾಯಿತು. ಆ ಪರಿಹಾರಕ್ಕಾಗಿ ಎತ್ತಿದ ಸಾಲ ಪೂರ್ತಿ ಚುಕ್ತಾ ಆಗಿದ್ದು 2015ರಲ್ಲಿ, ಬ್ರಿಟನ್ನಿನ ತೆರಿಗೆದಾರರ ದುಡ್ಡಿನಲ್ಲಿ. ಅವರಲ್ಲಿ ಜಮೈಕಾ ಮೂಲದವರೂ ಇದ್ದರು.

ಬಾತ್‌ನ ಗೋಪುರ ಈಗ ಮ್ಯೂಸಿಯಂ. ದುರಸ್ತಿಯ ನಂತರ 2024ರಲ್ಲಿ ಮತ್ತೆ ತೆರೆದಾಗ ಗುಲಾಮಗಿರಿಯ ದುಡ್ಡಿನ ಕತೆಯನ್ನೂ ಸೇರಿಸಿದ್ದಾರೆ. ಅಪ್ಪನ ಪ್ರತಿಮೆಯನ್ನು ತೆಗೆಯಲು 2021ರ ಜನವರಿಯಲ್ಲಿ ಲಂಡನ್ ನಗರಾಡಳಿತ ತೀರ್ಮಾನಿಸಿತ್ತು. ಅಕ್ಟೋಬರ್‌ನಲ್ಲಿ ಮನಸ್ಸು ಬದಲಿಸಿ, ಇರಲಿ, ಪಕ್ಕದಲ್ಲಿ ವಿವರಣೆ ಹಾಕೋಣ ಅಂದಿತು. ನನಗೆ ಕೇಳಿದರೆ ಅದು ಅಷ್ಟೇನೂ ಕೆಟ್ಟ ತೀರ್ಮಾನ ಅಲ್ಲ, ವಿವರಣೆಯ ಅಕ್ಷರಗಳು ಭಾಷಣದ ಅಕ್ಷರಗಳಷ್ಟೇ ದೊಡ್ಡದಾಗಿ ಇದ್ದರೆ. ಫಾಂಟ್‌ಹಿಲ್‌ನಲ್ಲಿ ಉಳಿದಿರೋದು ಉತ್ತರ ಭಾಗದ ಒಂದು ತುಣುಕು ಮಾತ್ರ. ಅದು ಇವತ್ತಿಗೂ ಖಾಸಗಿ ಆಸ್ತಿ.