ದಾದಿಯ ಕೈಗಾಗಿ ಹುಟ್ಟಿದ ಕೈಗವಸು

ವೈದ್ಯರನ್ನು ಮೆಚ್ಚಿಕೊಳ್ಳುವಾಗ ನಮ್ಮ ಜನ ಅವರ ಓದನ್ನೋ ಪದವಿಯನ್ನೋ ಹೊಗಳುವುದಕ್ಕಿಂತ ‘ಅವರ ಕೈಗುಣ ಚೆನ್ನಾಗಿದೆ’ ಎನ್ನುವುದೇ ಹೆಚ್ಚು. ಹಳ್ಳಿಯ ಸೂಲಗಿತ್ತಿಗೂ ಇದೇ ಮಾತು, ಪಟ್ಟಣದ ಸರ್ಜನ್‌ಗೂ ಇದೇ ಮಾತು. ಗುಣಪಡಿಸುವ ಶಕ್ತಿ ಕೈಯಲ್ಲಿದೆ ಎಂಬ ಈ ನಂಬಿಕೆಯ ಜೊತೆಗೆ ಏಳಬೇಕಾದ ಇನ್ನೊಂದು ಪ್ರಶ್ನೆ ಮಾತ್ರ ಅಷ್ಟಾಗಿ ಏಳುವುದಿಲ್ಲ. ಆ ಕೈಗೇ ಕಾಯಿಲೆ ಬಂದರೆ ಗತಿಯೇನು? ರೋಗಿಯ ಸೇವೆಯಿಂದಲೇ ರೋಗ ತಂದುಕೊಂಡವರು ಕೆಲಸ ಬಿಟ್ಟು ಮನೆಗೆ ಹೋಗಬೇಕೆ ಅಥವಾ ಅವರನ್ನು ಕೆಲಸದಲ್ಲಿ ಉಳಿಸಿಕೊಳ್ಳುವ ದಾರಿಯೊಂದು ಉಂಟೆ?

ದುಡಿಮೆಗೂ ರೋಗಕ್ಕೂ ಇರುವ ನಂಟನ್ನು ಶಾಸ್ತ್ರವಾಗಿ ಬರೆದಿಟ್ಟವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ. 1700ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಗಣಿಯವರು, ಕುಂಬಾರರು ಮುಂತಾದವರ ಜೊತೆಗೆ ಸೂಲಗಿತ್ತಿಯರಿಗೂ ಒಂದು ಅಧ್ಯಾಯವಿದೆ. ರೋಗಿಯ ಬಳಿ ಕುಳಿತ ವೈದ್ಯ ಕೇಳಬೇಕಾದ ಹಳೆಯ ಪ್ರಶ್ನೆಗಳ ಸಾಲಿಗೆ ‘ನೀನು ಮಾಡುವ ಕೆಲಸವೇನು?’ ಎಂಬುದನ್ನು ಸೇರಿಸಿದವನೂ ಅವನೇ. ಆದರೆ ಆಸ್ಪತ್ರೆಗಳು ಈ ಪ್ರಶ್ನೆಯನ್ನು ತಮ್ಮದೇ ಸಿಬ್ಬಂದಿಗೆ ಕೇಳಲು ಬಹಳ ಕಾಲ ಹಿಡಿಯಿತು.

ಅದಕ್ಕೊಂದು ಪ್ರಸಿದ್ಧ ನಿದರ್ಶನ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯದು. ಆಸ್ಪತ್ರೆ ಬಾಗಿಲು ತೆರೆದದ್ದು 1889ರಲ್ಲಿ. ಅಲ್ಲಿನ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ ಶುಚಿತ್ವದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕೀಟಾಣುಗಳನ್ನು ಕೊಲ್ಲಲು ಕೈಗಳನ್ನು ಪಾದರಸದ ಕ್ಲೋರೈಡ್ ದ್ರಾವಣದಲ್ಲಿ ಅದ್ದುವುದು ಅಲ್ಲಿನ ನಿಯಮ. ಕೀಟಾಣುವಿಗೆ ವಿಷವಾದದ್ದು ಚರ್ಮಕ್ಕೆ ಅಮೃತವಾಗುವುದಾದರೂ ಹೇಗೆ? ಶಸ್ತ್ರಚಿಕಿತ್ಸಾ ಕೊಠಡಿಯ ಮುಖ್ಯ ದಾದಿ ಕ್ಯಾರೊಲಿನ್ ಹ್ಯಾಂಪ್ಟನ್‌ಳ ಕೈಗಳಲ್ಲಿ ಉರಿಯೂತ ಕಾಣಿಸಿಕೊಂಡಿತು. ದ್ರಾವಣವನ್ನು ಬಿಡುವಂತಿಲ್ಲ, ಕೆಲಸ ಮುಂದುವರಿಸುವಂತಿಲ್ಲ ಎಂಬ ಸ್ಥಿತಿ.

ಅತ್ಯಂತ ಸಮರ್ಥಳಾದ ಆಕೆಯನ್ನು ಕಳೆದುಕೊಳ್ಳಲು ಹಾಲ್‌ಸ್ಟೆಡ್ ಸಿದ್ಧನಿರಲಿಲ್ಲ. ನ್ಯೂಯಾರ್ಕಿಗೆ ಹೋದಾಗ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಎರಡು ಜೊತೆ ರಬ್ಬರ್ ಕೈಗವಸುಗಳನ್ನು ಮಾಡಿಸಿದ. ಅವುಗಳನ್ನು ತೊಟ್ಟು ಆಕೆ ಕೆಲಸ ಮುಂದುವರಿಸಿದಳು. ಕ್ರಮೇಣ ಉಪಕರಣ ಎತ್ತಿಕೊಡುವ ಸಹಾಯಕರೂ ತೊಟ್ಟರು. ಹಾಲ್‌ಸ್ಟೆಡ್‌ನ ಶಿಷ್ಯ ಜೋಸೆಫ್ ಬ್ಲಡ್‌ಗುಡ್ 1899ರಲ್ಲಿ 450ಕ್ಕೂ ಹೆಚ್ಚು ಹರ್ನಿಯಾ ಶಸ್ತ್ರಚಿಕಿತ್ಸೆಗಳ ವರದಿ ಪ್ರಕಟಿಸಿ, ಕೈಗವಸು ತೊಡುವ ಪದ್ಧತಿ ಬಂದ ಮೇಲೆ ಗಾಯ ಕೀವುಗಟ್ಟುವುದು ಬಹಳವಾಗಿ ಇಳಿಯಿತೆಂದು ತೋರಿಸಿದ. ಕೈಗವಸು ರೋಗಿಯನ್ನೂ ಕಾಯುತ್ತದೆ ಎಂಬುದು ಇಷ್ಟು ವರ್ಷ ತಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಹಾಲ್‌ಸ್ಟೆಡ್ ಮುಂದೆ ಅಚ್ಚರಿಪಟ್ಟದ್ದುಂಟು.

ಇಂದು ರೋಗಿಯ ರಕ್ಷಣೆಯ ಸಂಕೇತವಾಗಿರುವ ಕೈಗವಸು ಆ ಕೊಠಡಿಗೆ ಬಂದದ್ದು ರೋಗಿಗಾಗಿ ಅಲ್ಲ, ದಾದಿಯೊಬ್ಬಳು ಕೆಲಸದಲ್ಲಿ ಉಳಿಯಲಿ ಎಂದು. ಈ ಕಥೆಗೆ ಇನ್ನೊಂದು ಮುಖವೂ ಇದೆ. 1890ರ ಜೂನ್‌ನಲ್ಲಿ ಹಾಲ್‌ಸ್ಟೆಡ್ ಮತ್ತು ಹ್ಯಾಂಪ್ಟನ್ ಮದುವೆಯಾದರು. ಮದುವೆಯ ನಂತರ ಆಕೆ ದಾದಿ ವೃತ್ತಿಯನ್ನು ಬಿಟ್ಟಳು. ಪಾದರಸ ಬಿಡಿಸಲಾಗದ ಕೆಲಸವನ್ನು ಮದುವೆ ಬಿಡಿಸಿತು. ಒಬ್ಬರು ಕೆಲಸದಲ್ಲಿ ಉಳಿಯುವುದು ಅವರ ಆರೋಗ್ಯವೊಂದನ್ನೇ ಅವಲಂಬಿಸಿಲ್ಲ, ಸುತ್ತಲಿನ ವ್ಯವಸ್ಥೆಯನ್ನೂ ಅವಲಂಬಿಸಿದೆ ಎಂಬುದಕ್ಕೆ ಇದೂ ಸಾಕ್ಷಿ.

ಪಾದರಸದ ದ್ರಾವಣ ಹೋಯಿತು, ಕೈಯ ಕಷ್ಟ ಹೋಗಲಿಲ್ಲ. ಇಂದಿಗೂ ದಾದಿಯರನ್ನು ಕಾಡುವ ಮುಖ್ಯ ವೃತ್ತಿರೋಗಗಳಲ್ಲಿ ಕೈಯ ಇಸಬು ಒಂದು. ಕಾರಣ ‘ಒದ್ದೆ ಕೆಲಸ’. ದಿನಕ್ಕೆ 2 ಗಂಟೆಗೂ ಹೆಚ್ಚು ಕಾಲ ಕೈ ನೀರಿನಲ್ಲಿಯೋ ಬೆವರುವ ಕೈಗವಸಿನಲ್ಲಿಯೋ ಇರುವುದು ಅಥವಾ ದಿನಕ್ಕೆ 20ಕ್ಕೂ ಹೆಚ್ಚು ಬಾರಿ ಕೈ ತೊಳೆಯುವುದು ಒದ್ದೆ ಕೆಲಸವೆಂದು ಜರ್ಮನಿಯ ನಿಯಮಗಳು ಬಹಳ ಕಾಲ ಗುರುತಿಸುತ್ತಿದ್ದವು. ತೀವ್ರ ನಿಗಾ ಘಟಕದ ದಾದಿಗೆ 20 ಎಂಬುದು ಅರ್ಧ ದಿನದ ಲೆಕ್ಕವೂ ಅಲ್ಲ. ಚರ್ಮದ ಸಹಜ ಜಿಡ್ಡು ಸಾಬೂನಿನಲ್ಲಿ ಕರಗಿ ಹೋಗುತ್ತದೆ, ಚರ್ಮ ಬಿರಿಯುತ್ತದೆ, ಬಿರುಕಿನೊಳಗೆ ಕೀಟಾಣುಗಳು ಮನೆ ಮಾಡುತ್ತವೆ. ಇಂಥ ಕೈ ನೋವಿನದು ಮಾತ್ರವಲ್ಲ, ರೋಗಿಗೂ ಅಪಾಯಕಾರಿ. ಆದ್ದರಿಂದಲೇ ಕೆಲಸ ಹೋದೀತೆಂಬ ಅಂಜಿಕೆಯಿಂದ ಅದನ್ನು ಮುಚ್ಚಿಡುವವರು ಇದ್ದಾರೆ.

ಆಸ್ಪತ್ರೆಯೊಳಗಿನ ಔದ್ಯೋಗಿಕ ಆರೋಗ್ಯ ವಿಭಾಗದ ಮೊದಲ ಕೆಲಸ ಈ ಅಂಜಿಕೆಯನ್ನು ಕಳೆಯುವುದು. ಅಲ್ಲಿನ ವೈದ್ಯರು ಆಡಳಿತಕ್ಕೆ ರೋಗದ ವಿವರ ಹೇಳುವುದಿಲ್ಲ. ಈ ವ್ಯಕ್ತಿ ಯಾವ ಕೆಲಸ ಮಾಡಬಹುದು, ಯಾವುದನ್ನು ಎಷ್ಟು ದಿನ ಮಾಡಬಾರದು ಎಂಬುದನ್ನಷ್ಟೇ ಹೇಳುತ್ತಾರೆ. ಎರಡನೆಯದು ಕಾರಣವನ್ನು ಹುಡುಕುವುದು. ಶಂಕಿತ ವಸ್ತುಗಳನ್ನು ಚೂರುಚೂರೇ ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು, ಯಾವುದಕ್ಕೆ ಚರ್ಮ ಕೆಂಪೇರಿತೆಂದು ನೋಡುವ ಪ್ಯಾಚ್ ಪರೀಕ್ಷೆ ಇದಕ್ಕೆಂದೇ ಇದೆ. ಕೈಯಲ್ಲಿ ಕಣ್ಣಿಗೆ ಕಾಣುವ ಕೊಳೆ ಇಲ್ಲದಾಗ ಸಾಬೂನಿಗಿಂತ ಆಲ್ಕೋಹಾಲ್ ದ್ರಾವಣವೇ ಚರ್ಮಕ್ಕೆ ಹಿತ ಎಂಬುದು ಅನೇಕರಿಗೆ ನಂಬಲಾಗದ ಸಂಗತಿ. ಬಿರಿದ ಚರ್ಮಕ್ಕೆ ಅದು ಉರಿಯುವುದರಿಂದ ಅದನ್ನೇ ದೂರಿ, ಮತ್ತೆ ಸಾಬೂನಿಗೆ ಹೋಗಿ, ಕೈಯನ್ನು ಇನ್ನಷ್ಟು ಕೆಡಿಸಿಕೊಳ್ಳುವವರಿಗೆ ಇದನ್ನು ತಿಳಿಹೇಳುವುದೂ ಚಿಕಿತ್ಸೆಯ ಭಾಗವೇ.

ಕೈ ಕಾಯಲು ಬಂದ ಕೈಗವಸೇ ಕಾಡಿದ್ದೂ ಉಂಟು. ಏಡ್ಸ್ ಭೀತಿಯ ನಡುವೆ 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಲ್ಲ ರೋಗಿಗಳ ರಕ್ತದ ವಿಷಯದಲ್ಲೂ ಎಚ್ಚರಿಕೆ ವಹಿಸಬೇಕೆಂದು ಸೂಚಿಸಿದ ಮೇಲೆ ಕೈಗವಸಿನ ಬಳಕೆ ಹಲವು ಪಟ್ಟು ಹೆಚ್ಚಿತು. ಸುಲಭವಾಗಿ ತೊಡಲೆಂದು ಒಳಗೆ ಹಾಕುತ್ತಿದ್ದ ಜೋಳದ ಗಂಜಿಪುಡಿ ರಬ್ಬರ್ ಹಾಲಿನ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ಹರಡಿತು. ಕೆಲವು ದಾದಿಯರಿಗೆ ತುರಿಕೆ, ಸೀನು, ಉಬ್ಬಸ ಹತ್ತಿಕೊಂಡವು. ಅವರು ತಮ್ಮ ಕೈಗವಸನ್ನು ಬದಲಿಸಿದರೆ ಸಾಲದಾಯಿತು, ಏಕೆಂದರೆ ಪಕ್ಕದವರ ಕೈಗವಸಿನ ಪುಡಿಯೂ ಅವರ ಉಸಿರಿಗೆ ಸೇರುತ್ತಿತ್ತು. ವಾರ್ಡಿನವರೆಲ್ಲರೂ ಪುಡಿಯಿಲ್ಲದ ಕೈಗವಸಿಗೆ ಬದಲಾದಾಗ ಅಲರ್ಜಿಯ ದಾದಿಯೂ ಅಲ್ಲೇ ದುಡಿಯುವುದು ಸಾಧ್ಯವಾಯಿತು. ಜರ್ಮನಿ 1990ರ ದಶಕದ ಕೊನೆಗೇ ಪುಡಿ ಹಾಕಿದ ರಬ್ಬರ್ ಕೈಗವಸನ್ನು ಕೈಬಿಟ್ಟಿತು. ಅಮೆರಿಕ 2016ರ ಕೊನೆಗೆ ಆದೇಶ ಹೊರಡಿಸಿ, ಮರುವರ್ಷದ ಜನವರಿಯಿಂದ ಪುಡಿ ಹಾಕಿದ ವೈದ್ಯಕೀಯ ಕೈಗವಸನ್ನು ನಿಷೇಧಿಸಿತು. ಒಬ್ಬಳನ್ನು ಉಳಿಸಿಕೊಳ್ಳಲು ಹತ್ತು ಮಂದಿ ಬದಲಾಗಬೇಕಾಗುತ್ತದೆ ಎಂಬುದು ಇಲ್ಲಿನ ಪಾಠ.

ರೋಗ ಬಲಿತ ಮೇಲೂ ದಾರಿ ಮುಚ್ಚಿಲ್ಲ. ಜರ್ಮನಿಯ ಓಸ್ನಾಬ್ರುಕ್‌ನಲ್ಲಿ 1990ರ ದಶಕದಿಂದ ಬೆಳೆದುಬಂದ ಕಾರ್ಯಕ್ರಮವೊಂದು ದಾದಿಯರು, ಕೇಶ ವಿನ್ಯಾಸಕರು ಮುಂತಾದವರಿಗಾಗಿ ಇದೆ. ಸುಮಾರು ಮೂರು ವಾರ ಒಳರೋಗಿಯಾಗಿ ಚಿಕಿತ್ಸೆ, ಜೊತೆಗೆ ಯಾವ ಕೆಲಸಕ್ಕೆ ಯಾವ ಕೈಗವಸು, ಯಾವಾಗ ಮುಲಾಮು ಎಂಬ ಪಾಠ. ಬಳಿಕ ಇನ್ನೂ ಮೂರು ವಾರ ಮನೆಯಲ್ಲಿ ವಿಶ್ರಾಂತಿ. ಗುಣವಾದಂತೆ ಕಂಡ ಚರ್ಮದ ಕಾವಲುಗೋಡೆ ಒಳಗೆ ಇನ್ನೂ ದುರ್ಬಲವಾಗಿರುವುದೇ ಈ ವಿಳಂಬಕ್ಕೆ ಕಾರಣ. ಹೀಗೆ ಹಿಂತಿರುಗಿದವರಲ್ಲಿ ಬಹುಪಾಲು ಮಂದಿ ವೃತ್ತಿಯಲ್ಲಿ ಉಳಿದಿದ್ದಾರೆ.

ವಿಚಿತ್ರವೆಂದರೆ, ಅದೇ ಜರ್ಮನಿಯ ಕಾನೂನು ಬಹಳ ಕಾಲ ಬೇರೆಯದನ್ನೇ ಹೇಳುತ್ತಿತ್ತು. ಕೈಯ ಇಸಬು ವೃತ್ತಿರೋಗವೆಂದು ಮಾನ್ಯವಾಗಬೇಕಾದರೆ ರೋಗಿ ಆ ಕೆಲಸವನ್ನು ತ್ಯಜಿಸಿರಲೇಬೇಕಿತ್ತು. ಕೆಲಸ ಬಿಟ್ಟವರಿಗೆ ಮಾನ್ಯತೆ, ನೋವಿನೊಂದಿಗೆ ಉಳಿದವರಿಗೆ ಇಲ್ಲ. ಈ ಷರತ್ತು ರದ್ದಾದದ್ದು 2021ರ ಜನವರಿಯಲ್ಲಿ. ನಮ್ಮ ದೇಶದಲ್ಲಿ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ವೃತ್ತಿರೋಗಗಳ ಪಟ್ಟಿ ಆರೋಗ್ಯ ಹಾಗೂ ಪ್ರಯೋಗಾಲಯದ ಕೆಲಸದಲ್ಲಿ ತಗಲುವ ಸೋಂಕುಗಳನ್ನು ಒಳಗೊಂಡಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಪರಿಹಾರವೆಂದರೆ ಆಗಿಹೋದ ಹಾನಿಗೆ ಬೆಲೆ ಕಟ್ಟುವುದು. ಮನುಷ್ಯನನ್ನು ಅವನ ಕಸುಬಿನಲ್ಲಿ ಉಳಿಸುವುದು ಬೇರೆಯೇ ಆದ ಹೊಣೆ.

ಅನುಭವಿ ದಾದಿಯೊಬ್ಬಳು ಕೆಲಸ ಬಿಟ್ಟರೆ ಅವಳ ಸಂಬಳವಷ್ಟೇ ನಿಲ್ಲುವುದಿಲ್ಲ. ವರ್ಷಗಟ್ಟಲೆ ಕಲಿತ ನಾಡಿಯ ಅಂದಾಜು, ಸೂಜಿ ಚುಚ್ಚುವ ಹದ, ರೋಗಿಯ ಮುಖ ನೋಡಿಯೇ ಅಪಾಯವನ್ನು ಅರಿಯುವ ಕಣ್ಣು ಇವೆಲ್ಲವೂ ವಾರ್ಡಿನಿಂದ ಹೊರನಡೆಯುತ್ತವೆ. ಕೈಗುಣ ಹುಟ್ಟಿನಿಂದ ಬರುತ್ತದೆಂದು ನಂಬುವವರು ನಂಬಲಿ. ಅದು ಉಳಿಯಬೇಕಾದರೆ ಮಾತ್ರ ತಕ್ಕ ಕೈಗವಸು ಬೇಕು, ಒಂದಿಷ್ಟು ಮುಲಾಮು ಬೇಕು, ಕೈ ಒಣಗಲು ಬಿಡುವು ಬೇಕು. ಎಲ್ಲಕ್ಕಿಂತ ಮೊದಲು, ‘ಕೈ ಹೇಗಿದೆ?’ ಎಂದು ಕೇಳುವವರೊಬ್ಬರು ಆಸ್ಪತ್ರೆಯಲ್ಲಿ ಇರಬೇಕು.